ಪ್ಲಾಟ್‌ಫಾರಂ ಬದಲಾಯಿಸಿ ಅಂದಿರಿ, ಬದಲಾಯಿಸಿದೆ

ಆ್ಯಪ್ ಅಪ್‌ಡೇಟ್ ಮಾಡುವ ಮೇಲಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಒಂದು ಮೆಸೇಜಿನಿಂದ ನಾನು ಕೂರುವ ಜಾಗ ಹೋಯಿತು. ಅಲ್ಲಿ ಈಗ ಬೇರೆಯವನು ಕೂತಿದ್ದಾನೆ. ಅವನನ್ನು ಎಬ್ಬಿಸಿಕೊಡಿ.

ಶಿವಾಜಿನಗರದ ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ನಿಂಬೆಹಣ್ಣು ಮಾರುವವಳು ನಾನು. ಇಂದಿರಾನಗರದ ನಿಮ್ಮ ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನಿಗೂ ನನ್ನದೇ ಹಣ್ಣು. ಮೊದಲು ಕ್ಯಾಂಟೀನಿನವರು ಫೋನ್ ಮಾಡಿ ‘ನಾಳೆಗೆ ಒಂದು ಮೂಟೆ’ ಅನ್ನುತ್ತಿದ್ದರು, ಕಳಿಸುತ್ತಿದ್ದೆ. ಅದರಲ್ಲಿ ಏನು ಕೊರತೆ ಕಂಡಿತೋ, ಒಂದು ಆ್ಯಪ್ ಮಾಡಿ ನನ್ನ ಫೋನಿಗೆ ಹಾಕಿಸಿದಿರಿ. ಕಳೆದ ವಾರ ಅದರಲ್ಲಿ ಅಪ್ಪಣೆಯಾಯಿತು: ‘ನಿಮ್ಮ ಹಳೆಯ ಪ್ಲಾಟ್‌ಫಾರಂಗೆ ಸೋಮವಾರದಿಂದ ಬೆಂಬಲವಿರುವುದಿಲ್ಲ. ಕೂಡಲೇ ಹೊಸ ಪ್ಲಾಟ್‌ಫಾರಂಗೆ ಸ್ಥಳಾಂತರಗೊಳ್ಳಿ.’ ಐದನೇ ಕ್ಲಾಸಿಗೆ ಶಾಲೆ ಬಿಟ್ಟರೂ ನನಗೆ ಓದಲು ಬರುತ್ತದೆ. ಬರದಿದ್ದರೆ ಚೆನ್ನಾಗಿತ್ತು.

ನಮ್ಮ ಕಡೆ ಪ್ಲಾಟ್‌ಫಾರಂ ಅಂದರೆ ಫುಟ್‌ಪಾತು. ನಮ್ಮಮ್ಮನ ಕಾಲದಿಂದಲೂ ಹಾಗೇ. ರಸ್ತೆಯ ಆಚೆ ಬದಿಗೆ ಹೊಸದಾಗಿ ಕಲ್ಲು ಹಾಸಿದ್ದರು. ಹೊಸ ಪ್ಲಾಟ್‌ಫಾರಂ ಅಂದರೆ ಮತ್ತೇನು? ಪಕ್ಕದಲ್ಲಿ ಬಳೆ ಮಾರುವ ಗುಲ್ಷನ್, “ಜಲ್ದಿ ಬೇಡ ಅಕ್ಕಾ, ಯಾರನ್ನಾದ್ರೂ ಕೇಳಿ” ಅಂದಳು. ಕಂಪನಿಯ ಮಾತಿಗೆ ಬೆಲೆ ಕೊಟ್ಟು ಬುಟ್ಟಿ, ಗೋಣಿ, ಛತ್ರಿ ಎತ್ತಿಕೊಂಡು ಹೋಗಿಬಿಟ್ಟೆ.

ಅಲ್ಲಿ ನೆರಳಿಲ್ಲ. ಮಧ್ಯಾಹ್ನದೊಳಗೆ ಹಣ್ಣು ನನ್ನ ಮುಖದ ಹಾಗೆ ಸುಕ್ಕಾಗುತ್ತದೆ. ಸೋಮವಾರ ಆ್ಯಪ್ ತೆರೆಯಲಿಲ್ಲ. ಕ್ಯಾಂಟೀನ್ ಮ್ಯಾನೇಜರ್ ಕಿರಣಕುಮಾರನಿಗೆ ಫೋನ್ ಮಾಡಿ, ಹೊಸ ಪ್ಲಾಟ್‌ಫಾರಂಗೆ ಬಂದು ಕೂತರೂ ಯಾಕಪ್ಪಾ ಹೀಗೆ ಎಂದೆ. ನಕ್ಕಿದ್ದೇ ನಕ್ಕಿದ್ದು. “ಅಯ್ಯೋ ಅಮ್ಮಾ, ಪ್ಲಾಟ್‌ಫಾರಂ ಅಂದ್ರೆ ನಿಮ್ಮ ಫೋನ್ ಒಳಗಿರೋ ಸಾಫ್ಟ್‌ವೇರು! ಹಳೇದಾಯ್ತು, ಹೊಸ ಆ್ಯಪ್ ಜೊತೆ ಹೊಂದಾಣಿಕೆ ಆಗಲ್ಲ.”

ಹೊಂದಾಣಿಕೆ ಆಗುವುದಿಲ್ಲವಂತೆ! ಅತ್ತೆಯ ಜೊತೆ, ಸೊಸೆಯ ಜೊತೆ, ಬೇವಿನ ಮರದ ಕಾಗೆಗಳ ಜೊತೆ ಹೊಂದಿಕೊಂಡವಳು ನಾನು. ಅಷ್ಟು ದೊಡ್ಡ ಕಂಪನಿಗೆ ನಾಲ್ಕು ವರ್ಷದ ಫೋನಿನ ಜೊತೆ ಆಗುವುದಿಲ್ಲವೇ? ನಾಲ್ಕು ವರ್ಷಕ್ಕೇ ಹಳೆಯದಾದರೆ ನನ್ನನ್ನು ಏನೆಂದು ಕರೆಯುತ್ತೀರಿ? ಎಲ್ಲವೂ ಸುರಕ್ಷತೆಗಾಗಿ ಅಂತೆ. ನಿಂಬೆಹಣ್ಣಿನ ಆರ್ಡರು ಕದ್ದು ಯಾವ ಕಳ್ಳ ಉಪ್ಪಿನಕಾಯಿ ಹಾಕುತ್ತಾನೆ ಸ್ವಾಮಿ?

ತಿರುಗಿ ಹೋದರೆ ನನ್ನ ಜಾಗದಲ್ಲಿ ನಮ್ಮ ಬೀದಿಯ ಹುಡುಗ ಸುನೀಲ ಮೊಬೈಲ್ ಕವರ್ ಹರಡಿಕೊಂಡು ಕೂತಿದ್ದ. ಏಳೋ ಎಂದೆ.

“ಸಪೋರ್ಟ್ ಹೋಯ್ತು ಅಂತ ನೀವೇ ಬೀದಿಗೆಲ್ಲ ಹೇಳ್ಕೊಂಡು ಹೋದ್ರಲ್ಲ ಅಜ್ಜಿ?”

“ಅದು ಫುಟ್‌ಪಾತ್ ವಿಷ್ಯ ಅಲ್ಲ ಅಂತ ಈಗ ಅಕ್ಕಾನೇ ಹೇಳ್ತಿದ್ದಾರಲ್ಲೋ!” ಎಂದು ಗುಲ್ಷನ್ ಗದರಿದಳು.

“ಅವತ್ತೂ ಅಜ್ಜೀನೇ ಹೇಳಿದ್ದು, ಇವತ್ತೂ ಅಜ್ಜೀನೇ. ಯಾವ ವರ್ಷನ್ ನಂಬ್ಲಿ ಗುಲ್ಷನಕ್ಕಾ? ಮೆಸೇಜ್ ಕಳಿಸಿದೋರು ಬಂದು ಹೇಳ್ಲಿ, ಎದ್ದೇಳ್ತೀನಿ.”

ಆದ್ದರಿಂದ ಮಾನ್ಯರೇ, ನಿಮ್ಮ ಎ.ಸಿ. ರೂಮಿನಿಂದ ಇಳಿದು ಖುದ್ದಾಗಿ ಬನ್ನಿ. ಸುನೀಲನ ಮುಂದೆ ನಿಂತು, ನೀವು ಬರೆದದ್ದರ ಅರ್ಥವನ್ನು ನೀವೇ ಬಾಯಿಬಿಟ್ಟು ಹೇಳಿ. ನನ್ನ ಫೋನಿಗೆ ಆಗುವಂಥ ಆ್ಯಪ್ ವಾಪಸು ಕೊಡಿ. ಅಲ್ಲಿಯವರೆಗೆ ನಿಮ್ಮ ಕ್ಯಾಂಟೀನಿನ ಚಿತ್ರಾನ್ನ ಹಳದಿಯಾಗಿರುತ್ತದೆ, ಹುಳಿಯಾಗಿರುವುದಿಲ್ಲ.

ಇಂತಿ,
ಎರಡೂ ಪ್ಲಾಟ್‌ಫಾರಂನಲ್ಲೂ ಬೆಂಬಲವಿಲ್ಲದ
ಪಿಳ್ಳಮ್ಮ
ಶಿವಾಜಿನಗರ, ಸದ್ಯಕ್ಕೆ ಬಿಸಿಲಿನ ಬದಿ