ಅಳಿಲಿನ ಕೂದಲ ಕುಂಚ

ಖಾನಾಪುರ,
ಕಾರ್ತಿಕ ಬಹುಳ ಪಂಚಮಿ, ೧೯೨೬

ತಂಗಿ ರಾಜಮತಿಗೆ,

ನಿನ್ನ ಅಣ್ಣ ನೇಮಣ್ಣನು ಪೂರ್ಣ ವಿಚಾರ ಮಾಡಿ ಅರಿಕೆ ಮಾಡಿಕೊಳ್ಳುವುದೇನಂದರೆ, ಇಲ್ಲಿ ನಾನೂ ನಿನ್ನ ಅತ್ತಿಗೆ ಕಾಂತಾಳೂ ಕ್ಷೇಮ. ಮಾಮಲೇದಾರ ಕಚೇರಿಯಲ್ಲಿ ತಲೆ ನರೆಯುವ ತನಕ ಅರ್ಜಿಗಳ ನಕಲು ಬರೆದವನು ನಾನು. ಆ ನಕಲುಗಳಲ್ಲಿ ಒಂದು ಚಿತ್ತನ್ನೂ ಯಾವ ಸಾಹೇಬನೂ ಎತ್ತಿ ತೋರಿಸಲಿಲ್ಲ. ಅಂಥ ಕೈ ಇಂದು ನಿನ್ನಲ್ಲಿ ಒಂದು ಬೇಡಿಕೆ ಮಂಡಿಸಲು ಹಿಂಜರಿಯುತ್ತಿದೆ.

ಬರುವ ಮಾರ್ಗಶಿರದಲ್ಲಿ ನೀನು ದೀಕ್ಷೆ ಪಡೆದು ಸನ್ಯಾಸಿನಿಯಾಗುವೆ. ನಿಮ್ಮೂರಾದ ಪಾರಿಶ್ವಾಡದಲ್ಲಿ ಜೈನ ಸಮಾಜದವರೆದುರು ಸ್ವಾಮಿಗಳು ಮನೆಯವರ ಸಮ್ಮತಿ ಕೇಳಿದಾಗ, ನಿನ್ನ ಮಕ್ಕಳು ಒಪ್ಪಿದ ಮೇಲೆ ತವರಿನ ಹಿರಿಯನಾಗಿ ನಾನೂ ಒಪ್ಪಿದೆ. ಆ ಮಾತಿನಿಂದ ಹಿಂದೆ ಸರಿಯುವ ಪತ್ರವಲ್ಲ ಇದು. ಆದರೆ ನೀನು ತಲೆಗೂದಲು ಕಿತ್ತು, ಹೆಸರು ಬದಲಿಸಿ, ಬಿಳಿಯ ಸೀರೆಯುಟ್ಟು ನಡೆದುಹೋದ ಮೇಲೆ ತಂಗಿ ಎಂದು ಕರೆಯಲು ನನಗೆ ಯಾರೂ ಉಳಿಯುವುದಿಲ್ಲ. ನಮ್ಮ ಅವ್ವನ ಮುಖ ನನ್ನ ನೆನಪಿನಿಂದ ಎಂದೋ ಅಳಿಸಿದೆ. ಮೂಗುತಿಯೊಂದು ಉಳಿದಿದೆ, ಅದರ ಸುತ್ತ ಮುಖವಿಲ್ಲ. ನಿನ್ನದೂ ಹಾಗಾದೀತೆಂಬ ಭಯದಿಂದ ನಿನ್ನ ಚಿತ್ರ ಬರೆಯಬೇಕೆಂದಿದ್ದೇನೆ. ಫೋಟೋ ತೆಗೆಸೋಣವೆಂದರೆ ನೀನು ಗಾಡಿ, ರೈಲು ಹತ್ತುವುದನ್ನು ಆಗಲೇ ಬಿಟ್ಟಿರುವೆ. ಫೋಟೋದವನೋ, ಪೆಟ್ಟಿಗೆ ಹೊತ್ತು ಹಳ್ಳಿಗೆ ಬರಲಾರೆನೆಂದ.

ಆದಕಾರಣ ದಸರೆ ಕಳೆದಾಗಿನಿಂದ ಬೆಳಗಾವಿಗೆ ಹೋಗಿ ಬರುತ್ತಿದ್ದೇನೆ. ಖಡೇಬಜಾರದಲ್ಲಿ ಬುರಾನುದ್ದೀನನ ಕಾಗದ, ಮಸಿ, ರಂಗಿನ ಅಂಗಡಿಯಿದೆ. ಮೊಮ್ಮಗನಿಗೆ ಬೇಕೆಂದು ಸುಳ್ಳು ಹೇಳಿ ಒಳಹೊಕ್ಕೆ. ಗಾಜಿನ ಭರಣಿಗಳಲ್ಲಿ ಕೆಂಪು, ಹಳದಿ, ನೀಲಿಯ ಹುಡಿ. ತಗಡಿನ ಡಬ್ಬಿ ತೆರೆದರೆ ನೀರು ಇನ್ನೂ ಸೋಕದ ರಂಗಿನ ಬಿಲ್ಲೆಗಳು. ದಪ್ಪ ಕಾಗದದ ಮೇಲೆ ಬೆರಳಾಡಿಸಿದರೆ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ತುಸು ತರಿತರಿ. ಯಾರೂ ನೋಡದಾಗ ಪೆನ್ಸಿಲ್ಲನ್ನು ಮೂಗಿಗೆ ಹಿಡಿದು ಕಟ್ಟಿಗೆಯ ವಾಸನೆ ಎಳೆದುಕೊಂಡೆ. ಏನನ್ನೂ ಕೊಳ್ಳದಿರುವ ತನಕ ನನಗೆ ಎಲ್ಲ ಚಿತ್ರಗಳೂ ಬರುತ್ತಿದ್ದವು. ಕೊಳ್ಳುವ ಮಾತು ಬಂದೊಡನೆ ಎಲ್ಲವನ್ನೂ ಇದ್ದಲ್ಲೇ ಇಟ್ಟು ಹೊರಬೀಳುತ್ತಿದ್ದೆ.

“ನೇಮಣ್ಣಾರ, ನಿಮ್ಮ ಮೊಮ್ಮಗಗ ಯಾವ ರಂಗೂ ಮನಸಿಗೆ ಬರವಲ್ದಲ್ರಿ! ಒಮ್ಮಿ ಅವನ್ನ ಕರಕೊಂಡ ಬರ್ರಿ, ನೋಡೂಣು” ಎಂದು ಬುರಾನುದ್ದೀನ ನಕ್ಕ.

ಕಳೆದ ವಾರ ಅವನು ಕುಂಚವೊಂದನ್ನು ನೀರಲ್ಲಿ ಅದ್ದಿ ನನ್ನ ಕೈಗಿತ್ತು, ಅಂಗಡಿಯ ಕರಿಗಲ್ಲಿನ ಕಟ್ಟೆ ತೋರಿಸಿದ. ಎಳೆದೆ. ನಿನ್ನ ಹಣೆಯಿಂದ ಮೂಗಿನವರೆಗಿನ ಇಳಿಜಾರು, ರಾಜಮತಿ, ಒಂದೇ ಗೆರೆಯಲ್ಲಿ ಕಲ್ಲಿನ ಮೇಲೆ ಇಳಿದುಬಂತು. ಬಿಸಿಲಿಗೆ ಅದು ಹಣೆಯ ಕಡೆಯಿಂದ ಆರತೊಡಗಿತು.

“ಇದು ಯಾವುದರ ಕೂದಲಪಾ?” ಎಂದೆ.

“ಅಳಿಲಿಂದ್ರಿ. ವಿಲಾಯತಿ ಮಾಲು.”

“ಜೀವ ಇದ್ದಾಗ ಕತ್ತರಿಸಿದ್ದೇನು?”

“ಅಳಿಲೇನು ಹಜಾಮತಿಗೆ ಬಂದು ಕುಂದರತೈತೇನ್ರಿ, ನೇಮಣ್ಣಾರ?”

ಕುಂಚವನ್ನು ಕೆಳಗಿಟ್ಟೆ. ನೆಲದ ಇರುವೆಯನ್ನೂ ನವಿಲುಗರಿಯಿಂದ ಸರಿಸಿ ನಡೆಯಲಿರುವವಳ ಮುಖವನ್ನು ಕೊಂದ ಪ್ರಾಣಿಯ ಕೂದಲಿನಿಂದ ಹೇಗೆ ಬರೆಯಲಿ? ಅಂಥ ಗೆರೆ ಮತ್ತೆ ನನ್ನ ಕೈಗೆ ಬಾರದೆಂದು ಬಲ್ಲೆ. ಆದರೂ ಮೆತ್ತನೆಯ ಪೆನ್ಸಿಲ್ಲನ್ನೂ ಕಾಗದವನ್ನೂ ಮಾತ್ರ ಕೊಂಡು ಬಂದೆ.

ಅಭ್ಯಾಸಕ್ಕೆಂದು ಕಾಂತಾಳನ್ನು ಕೂಡಿಸಿದೆ. ಅವಳು ಕಾಗದ ನೋಡಿ, “ಇವರ್ಯಾರ್ರೀ? ನಿಮ್ಮ ಹಳೇ ಮಾಮಲೇದಾರ್ರೇನು? ಮೀಸಿ ಒಂದ ಕಡಿಮಿ ಆಗೇತಿ” ಎಂದಳು. “ಅರ್ಜಿ ನಕಲ ಮಾಡಿದಂಗಲ್ಲ, ಮಂದಿ ಮಾರಿ ನಕಲ ಮಾಡೂದು” ಎಂದೂ ಸೇರಿಸಿದಳು. ಆ ದಿನ ಊಟ ರುಚಿಸಲಿಲ್ಲ.

ನನ್ನ ಅಂಜಿಕೆ ಕೈ ತಪ್ಪುವುದರ ಬಗ್ಗೆ ಮಾತ್ರವಲ್ಲ. ಎಲ್ಲ ಬಂಧ ಬಿಡಿಸಿಕೊಳ್ಳುತ್ತಿರುವ ನಿನ್ನನ್ನು ಕಾಗದದಲ್ಲಿ ಹಿಡಿದಿಟ್ಟರೆ ನಿನ್ನ ದಾರಿಗೆ ನಾನೇ ಅಡ್ಡ ನಿಂತಂತಾಗುವುದೇ? ಎದುರಿಗೆ ಬಂದು ಕೇಳಿದರೆ ನೀನು ಮರುಕದಿಂದ ಹೂಂ ಅನ್ನುವೆ. ಆದ್ದರಿಂದ ಬರೆದು ಕೇಳುತ್ತಿದ್ದೇನೆ. ಬೇಡವೆನ್ನಿಸಿದರೆ ಊರಿನಿಂದ ಬರುವವರ ಬಾಯಲ್ಲಿ ಬೇಡವೆಂದು ಹೇಳಿ ಕಳಿಸು. ಕಾಗದ ಮನೆಯಲ್ಲೇ ಬಿಟ್ಟು ಬರುತ್ತೇನೆ. ಬೇಸರಪಡುವುದಿಲ್ಲವೆಂದು ಬರೆಯಲಾರೆ.

ಒಪ್ಪಿದರೆ ಮಾತ್ರ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಬೆಳಕಿಗೆ ಮುಖ ಮಾಡಿ ಕೂಡು. ಚಿತ್ರ ಮಾಮಲೇದಾರರಂತೆ ಬಂದರೂ ಬರಲಿ, ನೀನೇ ನಕ್ಕು ಹರಿದು ಹಾಕಬಹುದು. ಅಷ್ಟು ಹೊತ್ತು ನಿನ್ನ ಮುಖ ನೋಡುತ್ತ ಕೂಡಲು ನನಗೊಂದು ನೆವ ಬೇಕಾಗಿದೆ, ತಂಗಿ. ನೆವವಿಲ್ಲದೆ ನೋಡಿದರೆ ನೀನು ‘ಯಾಕಣ್ಣಾ?’ ಅನ್ನುವೆ, ಆ ಪ್ರಶ್ನೆಯನ್ನು ನಾನು ತಡೆಯಲಾರೆ.

ಮಾರ್ಗಶಿರದ ನಂತರ ನಾನೇ ನಿನ್ನೆದುರು ಕೈಮುಗಿದು ಆಶೀರ್ವಾದ ಬೇಡಬೇಕು. ಅದಕ್ಕೆ ಮೊದಲು, ಹಿರಿಯನೆಂಬ ಅಧಿಕಾರ ಇನ್ನೂ ನನ್ನಲ್ಲಿರುವಾಗಲೇ ಹರಸುತ್ತೇನೆ: ನೀನು ಹಿಡಿದ ವ್ರತ ನಿನ್ನ ಕೈಬಿಡದಿರಲಿ, ಬರಿಗಾಲಿಗೆ ದಾರಿ ಮೆತ್ತಗಿರಲಿ.

ಇಂತು, ಇನ್ನೂ ಕೆಲ ದಿನ ನಿನ್ನ ಅಣ್ಣನಾಗಿರುವ,
ನೇಮಣ್ಣ