ಉಮ್ಮನ ಧ್ವನಿಗೆಂದು ಇಟ್ಟ ಜಾಗ

ಮೆಲ್ಕಾರ್, 12-11-2006

ಸೌದಿಯ ದಮಾಮಿನಲ್ಲಿರುವ ಅಝೀಮಣ್ಣನಿಗೆ ಸಲಾಂ.

ಮನೆಯ ಮೀಡಿಯಾ ಸರ್ವರ್ ತಯಾರಾಯಿತು. ನೀನು ಕಳಿಸಿದ ಹೊಸ ಹಾರ್ಡ್ ಡಿಸ್ಕನ್ನು ಹಳೆಯ ಕಂಪ್ಯೂಟರಿಗೆ ಹಾಕಿ, ಎರಡು ಕೋಣೆಗಳಿಗೆ ವಯರ್ ಎಳೆದಿದ್ದೇನೆ. ಹಾಡು, ಮದುವೆಯ ವೀಡಿಯೊ ಎಲ್ಲ ಬರುತ್ತವೆ. ನೀನು ಕೇಳಿದ, ನಮ್ಮನ್ನು ಹೆತ್ತ ಉಮ್ಮನ ಧ್ವನಿ ಮಾತ್ರ ಇಲ್ಲ. ಜಾಗ ಹೇರಳ, ಧ್ವನಿ ವಿರಳ.

ನಾವು ಪತ್ರದ ಬದಲು ಕ್ಯಾಸೆಟ್ ಕಳಿಸುತ್ತಿದ್ದ ಕಾಲದಲ್ಲಿ, “ಹೊಸ ಕ್ಯಾಸೆಟ್ ಯಾಕೆ ಮಾರಾಯ, ಇದರ ಮೇಲೆಯೇ ಮಾತಾಡುವ” ಎಂದವನು ನೀನು. ಉಮ್ಮ ಮಾತಾಡಿ ಕಳಿಸಿದ್ದರ ಮೇಲೆಯೇ ಉತ್ತರ ತುಂಬಿಸಿ, ಉಮ್ಮನ ಮಾತು ಅಳಿಸಿ, ಹಿಂದೆ ಕಳಿಸುತ್ತಿದ್ದೆ. ಹಾಗಾಗಿ ಇಲ್ಲಿರುವ ಇಪ್ಪತ್ತೆರಡು ಕ್ಯಾಸೆಟ್‌ಗಳಲ್ಲೂ ನಿನ್ನದೇ ಧ್ವನಿ ಉಂಟು. “ಬರುವ ವರ್ಷ ಖಂಡಿತ ಬರ್ತೇನೆ” ಎಂಬುದು ಅವುಗಳ ಪೈಕಿ ಹದಿನಾಲ್ಕು ಕ್ಯಾಸೆಟ್‌ಗಳಲ್ಲಿ ಉಂಟು. ಎಲ್ಲವನ್ನೂ ಸರ್ವರ್‌ಗೆ ಹಾಕಿದ್ದೇನೆ, ಬಹಳ ಸ್ಪಷ್ಟ.

ಒಂದು ದಾರಿ ಉಳಿದಿದೆ. ತೊಂಬತ್ತೊಂಬತ್ತರಲ್ಲಿ ಉಮ್ಮ ಆಸ್ಪತ್ರೆಯ ಮಂಚದಿಂದ “ಒಮ್ಮೆ ಬಂದು ಹೋಗು ಮೋನೆ, ನನ್ನ ಮಗನೇ” ಎಂದು ಹೇಳಿ ಕಳಿಸಿದ ಕೊನೆಯ ಕ್ಯಾಸೆಟ್‌ಗೆ ನೀನು ಉತ್ತರಿಸಲಿಲ್ಲ. ಆದ್ದರಿಂದ ಅದರಲ್ಲಿ ಉಮ್ಮ ಸುರಕ್ಷಿತವಾಗಿರಬೇಕು. ಹುಡುಕಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸು.

ನೀನೇ ಬರಬೇಕೆಂದಿಲ್ಲ.

ಇತಿ ನಿನ್ನ ತಮ್ಮ,
ಮುನವ್ವರ್