ಒಂದರ ಮೇಲೊಂದು ಕೂರಿಸಿದ ಸ್ಪ್ರಿಂಗು

ಫೆಬ್ರವರಿ ೬, ಗುರುವಾರ

ಇವತ್ತಿನ ತಪ್ಪು ನನ್ನದೇ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಗಾತ್ರ ನೋಡಿ ಬೇರ್ಪಡಿಸುವ ಜರಡಿ ಮೆಶಿನ್ನಿಗೆ ಉದ್ದದ ಸ್ಪ್ರಿಂಗ್ ಸಿಕ್ಕಿರಲಿಲ್ಲ. ಪ್ರತಿ ಮೂಲೆಗೂ ಎರಡು ಗಿಡ್ಡ ಸ್ಪ್ರಿಂಗನ್ನು ಒಂದರ ಮೇಲೊಂದು ಕೂರಿಸಿ ಎಂದು ಮೇಸ್ತ್ರಿ ಗಂಗಾಧರಪ್ಪನವರಿಗೆ ನಿನ್ನೆ ಫೋನಿನಲ್ಲೇ ಹೇಳಿಬಿಟ್ಟೆ. ಎರಡು ಸೇರಿದರೆ ಇಮ್ಮಡಿ ಬಿಗಿ ಎಂದುಕೊಂಡೆ. ಹತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಇದನ್ನೇ ಪಾಠ ಮಾಡಿದವನು ನಾನು! ಬೆಳಿಗ್ಗೆ ಬೀಜ ಸುರಿದದ್ದೇ ತಡ, ಜರಡಿ ಕುಸಿದು ಚೌಕಟ್ಟಿಗೆ ಬಡಿಯತೊಡಗಿತು. ಬಿಗಿ ಅರ್ಧಕ್ಕಿಳಿದಿತ್ತು.

ಎಲ್ಲ ಬಿಚ್ಚಿ, ಎತ್ತರ ಸರಿದೂಗಲು ಅಡಿಯಲ್ಲಿ ಮರದ ತುಂಡು ಕೊಟ್ಟು, ಪಕ್ಕಪಕ್ಕ ಕೂರಿಸಿದೆವು. ಸರಿಯಾಗಿ ಓಡಿತು.

“ಮೇಲೆ ಕೆಳಗೆ ಇಟ್ರೆ ಎರಡೂ ಪೂರ್ತಿ ಭಾರ ಹೊರ್ಬೇಕು, ಪಕ್ಕದಲ್ಲಿಟ್ರೆ ಹಂಚ್ಕೊಳ್ತವೆ. ಅಷ್ಟೇ ಅಲ್ವಾ ಸಾರ್?” ಎಂದರು ಗಂಗಾಧರಪ್ಪ.

ಅಷ್ಟೇ. ನನ್ನ ಪಾಠ ಇಷ್ಟು ಚಿಕ್ಕದಾಗಿ ಎಂದೂ ಮುಗಿದಿರಲಿಲ್ಲ.

ಭುವನಾಗೆ ಹೇಳಬೇಕು ಎಂದುಕೊಂಡೇ ಮನೆಗೆ ಬಂದೆ. ಅವಳು ಕಳಸದ ತವರಿಗೆ ಹೋಗಿ ಎಂಟು ತಿಂಗಳಾಯಿತೆಂಬುದು ಬೀಗ ತೆಗೆಯುವಾಗ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅವಳ ಜಡೆಯ ಎರಡು ರಬ್ಬರ್ ಬ್ಯಾಂಡ್ ಕಿತ್ತುಕೊಂಡು ಇದನ್ನೇ ತೋರಿಸಿದ್ದೆ. ಒಂದಕ್ಕೊಂದು ಗಂಟು ಹಾಕಿ ಎಳೆದರೆ ಸಲೀಸು, ಜೊತೆಗೆ ಹಿಡಿದು ಎಳೆದರೆ ಕಷ್ಟ. “ಗೊತ್ತಾಯ್ತು ಮಾರಾಯ್ರೆ, ನನ್ ಬ್ಯಾಂಡ್ ಕೊಡಿ” ಎಂದು ನಕ್ಕಿದ್ದಳು.

ಫೋನ್ ಮಾಡಲು ಸ್ಪ್ರಿಂಗು ಒಂದು ನೆವವಾದೀತೇ? ಗೊತ್ತಿಲ್ಲ.

ಕನ್ನಡಿಯ ಮೊಳೆಯಲ್ಲಿ ಅವಳದೊಂದು ಬ್ಯಾಂಡ್ ಇನ್ನೂ ನೇತಾಡುತ್ತಿದೆ. ಬೆರಳಿಗೆ ಸಿಕ್ಕಿಸಿ ಎಳೆದು ನೋಡಿದೆ. ಆದರೆ ಆ ಲೆಕ್ಕ ತೋರಿಸುವುದಕ್ಕೆ ಎರಡು ಬೇಕು.